ಬಿತ್ತಿದ ಮೀನು, ಕಾಣೆಯಾದ ಮೀನು: ಕಾವೇರಿಯಲ್ಲಿ ಗಾಳದ ಆಟ ಮತ್ತು ಮಹಶೀರ್ ಮರಿ ಬಿತ್ತನೆಯ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಭಾಷಣದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಸಾರಾಂಶವಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ಇವತ್ತಿನ ವಿಷಯ ಮೀನು. ಅದರಲ್ಲೂ ಊಟಕ್ಕಲ್ಲ, ಆಟಕ್ಕೆ ಹಿಡಿಯುವ ಮೀನು. ಹಿಂದೂಪುರ, ಕಲ್ಯಾಣದುರ್ಗ, ಬ್ರಹ್ಮಸಮುದ್ರದ ಕಡೆಯವರಿಗೆ ಇದು ದೂರದ ವಿಷಯ ಅನ್ನಿಸಬಹುದು. ನಮ್ಮ ಬಯಲುಸೀಮೆಯಲ್ಲಿ 'ಸಮುದ್ರ' ಅಂದ್ರೆ ಕೆರೆ. ಊರಿನ ಹೆಸರಲ್ಲಿ ಸಮುದ್ರ ಇರುತ್ತೆ, ಕೆರೆಯಲ್ಲಿ ನೀರು ಇರಲ್ಲ. ಆದರೂ ಬ್ರಹ್ಮಸಮುದ್ರದ ಪಕ್ಕದಲ್ಲಿ ಹರಿಯುವ ವೇದಾವತಿಗೂ ನಾನು ಹೇಳಲಿರುವ ಕಥೆಗೂ ಒಂದು ನಂಟಿದೆ. ವೇದಾವತಿಯನ್ನು ಮುಂದೆ ಹಗರಿ ಅಂತೀವಿ. ಅದು ತುಂಗಭದ್ರೆಯನ್ನು ಸೇರುತ್ತೆ, ತುಂಗಭದ್ರೆ ಕೃಷ್ಣೆಯನ್ನು ಸೇರುತ್ತೆ. ಹಾಗಾಗಿ ಬ್ರಹ್ಮಸಮುದ್ರದ ಕಡೆಯವರು ಕೃಷ್ಣಾ ಕೊಳ್ಳದವರು. ಈ ಕೊಳ್ಳಕ್ಕೆ ಸೇರಿದ ಒಂದು ಮೀನನ್ನು ಒಯ್ದು ಕಾವೇರಿಗೆ ಬಿಟ್ಟರು. ಆಮೇಲೆ ಕಾವೇರಿಯ ಸ್ವಂತ ಮೀನಿಗೆ ಏನಾಯ್ತು ಅನ್ನೋದೇ ಈ ಪ್ರಬಂಧ.

ಮೀನುಗಾರಿಕೆ ಇಲಾಖೆಯವರು 'ಮೀನುಮರಿ ಬಿತ್ತನೆ' ಅನ್ನೋ ಪದ ಬಳಸ್ತಾರೆ. ಹೊಲದಿಂದ ಬಂದ ಪದ ಅದು. ಬೀಜದ ಅಂಗಡಿಗೆ ಹೋದ ರೈತ ಮೊದಲು ಕೇಳೋದು 'ಯಾವ ತಳಿ?' ಅಂತ. ನಮ್ಮ ಮಣ್ಣಿಗೆ ಆಗುತ್ತಾ, ಎಲ್ಲಿಂದ ಬಂದದ್ದು ಅಂತ ವಿಚಾರಿಸ್ತಾನೆ. ಕಾವೇರಿಯಲ್ಲಿ ಮಹಶೀರ್ ಮರಿ ಬಿತ್ತಿದಾಗ ಈ ಪ್ರಶ್ನೆ ಸರಿಯಾಗಿ ಕೇಳಲಿಲ್ಲ ಎಂಬುದು ನನ್ನ ವಾದ. ಕೇಳದಿದ್ದವರು ಕೆಟ್ಟವರಾಗಿದ್ದರು ಅಂತಲ್ಲ. ನದಿಯ ಮೇಲೆ ಅವರಿಗಿದ್ದ ಕಾಳಜಿ ನಿಜವಾದದ್ದೇ. ಈ ಚರಿತ್ರೆಯ ತೊಡಕು ಇರೋದೇ ಅಲ್ಲಿ.

1. ಗಾಳ ಹಿಡಿದ ಅಧಿಕಾರಿಗಳು: ಮಂಗಳೂರಿನಿಂದ ನೀಲಗಿರಿಗೆ

ಮೋಜಿಗಾಗಿ ಮೀನು ಸಾಕಿ ಹೊಳೆಗೆ ಬಿಡುವ ಪದ್ಧತಿ ಜಗತ್ತಿನಲ್ಲಿ ಬಲವಾಗಿ ಬೆಳೆದದ್ದು 19ನೇ ಶತಮಾನದಲ್ಲಿ. ಇದರ ಅತಿ ಪ್ರಸಿದ್ಧ ಉದಾಹರಣೆ ಸ್ಟೀಲ್‌ಹೆಡ್. ಇದು ಬೇರೆ ಜಾತಿಯ ಮೀನೇನಲ್ಲ. ರೇನ್‌ಬೋ ಟ್ರೌಟ್ ಅಂತ ನಾವು ಕೇಳಿರೋ ಮೀನೇ ಸಮುದ್ರಕ್ಕೆ ಹೋಗಿ, ಬೆಳೆದು, ಮೊಟ್ಟೆಯಿಡಲು ಹೊಳೆಗೆ ಮರಳಿದರೆ ಅದಕ್ಕೆ ಆ ಹೆಸರು. ಅದರ ತವರು ಪೆಸಿಫಿಕ್ ಸಾಗರದ ಉತ್ತರದ ಅಂಚು. ಅಮೆರಿಕದ ನಡುಭಾಗದಲ್ಲಿರುವ ಮಹಾ ಸರೋವರಗಳಲ್ಲಿ ಅದು ಮೂಲತಃ ಇರಲಿಲ್ಲ. ಮನುಷ್ಯರು ತಂದು ಬಿಟ್ಟ ಮೇಲೆ ಅದು ಸರೋವರವನ್ನೇ ಸಮುದ್ರ ಮಾಡಿಕೊಂಡು, ಅದಕ್ಕೆ ಸೇರುವ ಹೊಳೆಗಳನ್ನು ಹತ್ತತೊಡಗಿತು. ಇಂದಿಗೂ ಅಲ್ಲಿ ಸರ್ಕಾರಿ ಮರಿಕೇಂದ್ರಗಳು ಗಾಳದವರಿಗಾಗಿಯೇ ಮರಿ ಬಿಡುತ್ತವೆ. ಗಾಳದ ಪರವಾನಗಿಯ ದುಡ್ಡು ಮರಿಕೇಂದ್ರಕ್ಕೆ, ಮರಿಕೇಂದ್ರದ ಮೀನು ಮತ್ತೆ ಗಾಳಕ್ಕೆ. ಹೀಗೆ ಒಂದು ಚಕ್ರ ಅಲ್ಲಿ ನಡೀತಾ ಇದೆ.

ನಮ್ಮ ಕಡೆ ಈ ಆಸೆ ಮೊದಲು ಹುಟ್ಟಿದ್ದು ನೀಲಗಿರಿಯಲ್ಲಿ. ಮದ್ರಾಸ್ ಪ್ರಾಂತ್ಯದಲ್ಲಿ ವೈದ್ಯಾಧಿಕಾರಿಯಾಗಿದ್ದು, ಮುಂದೆ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಟ್ರೌಟ್ ತರಿಸಿ ಬೆಳೆಸಲು ನೋಡಿದರು. ಆಗಲಿಲ್ಲ. ಹಡಗಿನಲ್ಲಿ ಮಂಜುಗಡ್ಡೆಯ ನಡುವೆ ಬರುವ ಮೊಟ್ಟೆ ಉಷ್ಣ ಸಮುದ್ರ ದಾಟಿ, ಘಾಟಿ ಹತ್ತಿ ಬದುಕುವುದು ಸುಲಭವಿರಲಿಲ್ಲ. ಆಮೇಲೆ 1879ರಲ್ಲಿ ನೀಲಗಿರಿಗೆಂದೇ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯ್ದೆ ಬಂತು. 20ನೇ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವರು ಅವಲಾಂಚ್‌ನಲ್ಲಿ ಮರಿಕೇಂದ್ರ ಕಟ್ಟಿ ರೇನ್‌ಬೋ ಟ್ರೌಟನ್ನು ನೆಲೆಗೊಳಿಸಿದರು. ಬಡಗರು, ತೋಡರು ಬದುಕುತ್ತಿದ್ದ ಬೆಟ್ಟದ ಹೊಳೆಗಳಲ್ಲಿ ಸ್ಟೀಲ್‌ಹೆಡ್‌ನ ಒಡಹುಟ್ಟಿದ ಮೀನು ಹೀಗೆ ಮನೆ ಮಾಡಿತು. ಮುನ್ನಾರಿನ ಚಹಾ ತೋಟದವರೂ ಇದೇ ದಾರಿ ಹಿಡಿದರು.

ಇಲ್ಲಿ ಒಂದು ವಿಷಯ ಗಮನಿಸಿ. ನೀಲಗಿರಿಯಲ್ಲಿ ಬಿಟ್ಟದ್ದು ಪರದೇಶದ ಮೀನು ಅಂತ ಬಿಟ್ಟವರಿಗೂ ಗೊತ್ತಿತ್ತು, ನೋಡಿದವರಿಗೂ ಗೊತ್ತಿತ್ತು. ಅದರಲ್ಲಿ ಗೊಂದಲ ಇರಲಿಲ್ಲ. ಕಾವೇರಿಯ ಕಥೆ ಹಾಗಲ್ಲ.

ಕಾವೇರಿಗೆ ಹೋಗುವ ಮುಂಚೆ ಮಂಗಳೂರನ್ನು ನೋಡಬೇಕು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಮಂಗಳೂರಿನಲ್ಲೇ ಪ್ರಕಟವಾಯಿತು. ಭಾರತದಲ್ಲಿ ಗಾಳ ಹಿಡಿಯುವ ಬ್ರಿಟಿಷರಿಗೆ ಅದು ಪಂಚಾಂಗ ಇದ್ದಂಗೆ ಆಗಿಬಿಟ್ಟಿತು. ಇಂಗ್ಲೆಂಡಿನ ಸಾಮನ್ ಮೀನಿಗಿಂತ ಇಲ್ಲಿನ ಮಹಶೀರ್ ಹೆಚ್ಚು ಸೆಣಸುತ್ತದೆ ಎಂಬ ಮಾತನ್ನು ಗಟ್ಟಿಯಾಗಿ ಪ್ರಚಾರ ಮಾಡಿದ್ದು ಥಾಮಸ್. ಆದರೆ ಅವರನ್ನು ಬರೀ ಶೋಕಿಯ ಗಾಳಗಾರ ಅಂತ ಬದಿಗೆ ಸರಿಸೋಕೆ ಆಗಲ್ಲ. ಹೊಳೆಗೆ ವಿಷ ಹಾಕೋದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಾಚೋದು ನಿಲ್ಲಬೇಕು ಅಂತ ಅವರು ವಾದಿಸಿದರು. ವಿಷ ಮತ್ತು ಸಿಡಿಮದ್ದಿನಿಂದ ಮೀನು ಹಿಡಿಯುವುದನ್ನು ಅಪರಾಧವೆಂದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ.

ಹೀಗೆ ಶುರುವಿನಿಂದಲೇ ಎರಡು ಎಳೆ ಹೆಣೆದುಕೊಂಡಿವೆ. ಒಂದು, ಆಟದ ಮೀನು ಬೇಕು ಎಂಬ ಆಸೆ. ಇನ್ನೊಂದು, ಹೊಳೆ ಉಳಿಯಬೇಕು ಎಂಬ ಕಾಳಜಿ. ಜೊತೆಗೆ ಮೂರನೆಯದೂ ಇದೆ: ಹೊಳೆಯನ್ನೇ ನಂಬಿ ಬದುಕುವ ಬೆಸ್ತರನ್ನು, ಗಂಗಾಮತಸ್ಥರನ್ನು 'ಹಾಳು ಮಾಡುವವರು' ಅಂತ ಮಾತ್ರ ಕಾಣುವ ದೃಷ್ಟಿ. ಈ ಮೂರೂ ಕಾವೇರಿಯ ಕಥೆಯಲ್ಲಿ ಮತ್ತೆ ಬರ್ತವೆ.

2. ಕಾವೇರಿಯ ದೊಡ್ಡ ಮೀನು

ಮಹಶೀರನ್ನು ಕನ್ನಡದಲ್ಲಿ ಕೆಲವು ಕಡೆ ಬಿಳಿಮೀನು ಅಂತಾರೆ. ದೇವಸ್ಥಾನದ ಮಡುವಿನಲ್ಲಿದ್ದರೆ ಅದು ದೇವರ ಮೀನು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯಲ್ಲಿ, ಕಾವೇರಿಯ ಮೇಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಭಕ್ತರು ಅಕ್ಕಿ, ಪುರಿ ಹಾಕಿ ಮೀನು ನೋಡುವ ರೂಢಿ ಇದೆ. ಅಲ್ಲಿ ಮೀನು ಹಿಡಿಯಬಾರದು. ಸರ್ಕಾರದ ಕಾಯ್ದೆಗೂ ಮುಂಚಿನ ರಕ್ಷಣೆ ಇದು. 1996ರಲ್ಲಿ ಶಿಶಿಲದಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಮೀನುಗಳು ರಾಶಿ ರಾಶಿ ಸತ್ತಾಗ, ಊರವರು ಆ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು.

ಆದರೆ ಜಗತ್ತಿನ ಗಾಳಗಾರರು ಕನಸು ಕಂಡದ್ದು ದೇವರ ಮೀನನ್ನಲ್ಲ. ಶಿವನಸಮುದ್ರದ ಕೆಳಗೆ, ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಮುಂತಾದ ಕಡೆ ಬಂಡೆಗಳ ನಡುವೆ ನುಗ್ಗುವ ಕಾವೇರಿಯಲ್ಲಿ ಒಂದು ವಿಶೇಷ ಮಹಶೀರ್ ಇತ್ತು. ತಲೆಯ ಹಿಂದೆ ಬೆನ್ನು ಗೂನಿನ ಹಾಗೆ ಎದ್ದಿರುವುದು, ಚಿನ್ನದ ಬಣ್ಣದ ಮೈ, ಕಿತ್ತಳೆ ಛಾಯೆಯ ಈಜುರೆಕ್ಕೆ. ಮೈಸೂರಿನಲ್ಲಿ ಹುಲಿ, ಚಿರತೆಗಳ ಚರ್ಮ ಹದ ಮಾಡಿ ತುಂಬುವ ಕೆಲಸಕ್ಕೆ ಹೆಸರಾದ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದೊಡ್ಡ ದಾಖಲೆ ಅಂತ ಇಂದಿಗೂ ಹೇಳ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ದೊರೆಗಳು ಹೋದರು, ಗಾಳದ ಸುದ್ದಿಯೂ ಕಡಿಮೆಯಾಯ್ತು. ಅಷ್ಟರಲ್ಲಿ ನದಿಯೇ ಬದಲಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಬಂತು, 1930ರ ದಶಕದ ಹೊತ್ತಿಗೆ ಮೇಲೆ ಕೃಷ್ಣರಾಜಸಾಗರ, ಕೆಳಗೆ ಮೆಟ್ಟೂರು ಕಟ್ಟೆಗಳು ಎದ್ದವು. ಮಳೆಗಾಲದಲ್ಲಿ ಮೇಲಕ್ಕೆ ಹತ್ತಿ ಮೊಟ್ಟೆಯಿಡುವ ಮೀನಿಗೆ ದಾರಿ ತುಂಡಾಯ್ತು. ಜೊತೆಗೆ ಸಿಡಿಮದ್ದು. ಒಂದು ತೋಟೆ ಮಡುವಿಗೆ ಎಸೆದರೆ ದೊಡ್ಡದು, ಚಿಕ್ಕದು ಅನ್ನದೆ ಎಲ್ಲ ತೇಲುತ್ತವೆ. 1976ರ ರಾಷ್ಟ್ರೀಯ ಕೃಷಿ ಆಯೋಗದ ವರದಿ ಕೂಡ ಮಹಶೀರ್‌ಗಳು ಕಡಿಮೆಯಾಗುತ್ತಿರುವ ಬಗ್ಗೆ ಆತಂಕ ಹೇಳಿತ್ತು.

ಈ ಹೊತ್ತಿಗೆ ಬೆಂಗಳೂರಿನ ಗಾಳಪ್ರಿಯರು ಮತ್ತು ಪರಿಸರಾಸಕ್ತರು ಸೇರಿ 1972ರಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘವನ್ನು ಕಟ್ಟಿದರು. 'ವಾಸಿ' ಅನ್ನೋ ಚಿಕ್ಕ ಹೆಸರಿನಿಂದ ಅದು ಪರಿಚಿತ. ಅವರು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ತಗೊಂಡು ಕಾವಲು ಇಟ್ಟರು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಮೂವರು ಯುವಕರು ಮಹಶೀರ್ ಹುಡುಕಿಕೊಂಡು ಬಂದು ಕಾವೇರಿಯಲ್ಲಿ 90 ಪೌಂಡಿಗೂ ಮೀರಿದ ಮೀನು ಹಿಡಿದ ಸುದ್ದಿ ಹರಡಿದ ಮೇಲೆ ಪರದೇಶದ ಗಾಳಗಾರರು ಮತ್ತೆ ಬರತೊಡಗಿದರು. ಮುಂದೆ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ಬಂದವು. ನಿಯಮ ಒಂದೇ: ಹಿಡಿ, ತೂಕ ನೋಡು, ಫೋಟೋ ತೆಗೆ, ಜೀವಂತ ಬಿಡು.

ಆ ಶಿಬಿರಗಳ ಒಳಗಿನ ವ್ಯವಸ್ಥೆ ಚರಿತ್ರೆಯ ವಿದ್ಯಾರ್ಥಿಗಳಿಗೆ ಬಹಳ ಮುಖ್ಯ. ಹರಿಗೋಲು ಹಾಕುವವರು, ಮಡು ಎಲ್ಲಿದೆ, ಬಂಡೆಯ ಸಂದಿ ಎಲ್ಲಿದೆ ಅಂತ ತೋರಿಸುವವರು ಸುತ್ತಲಿನ ಹಳ್ಳಿಯವರೇ. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿದವರೂ ಆಗಿದ್ದರು. ಎರೆ ಕೂಡ ನಮ್ಮ ರಾಗಿಯದ್ದೇ: ಹಿಟ್ಟು ಕಲಸಿ, ಬೇಯಿಸಿ, ಗಟ್ಟಿ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸೋದು. ಲಂಡನ್ನಿನಿಂದ ಬಂದವನ ದುಬಾರಿ ಗಾಳದ ತುದಿಯಲ್ಲಿ ಮಂಡ್ಯದ ಮುದ್ದೆ! ಜೀವಂತ ಮೀನಿನಿಂದ ಹಳ್ಳಿಯವರಿಗೆ ಸಂಬಳ ಬಂತು, ಸಿಡಿಮದ್ದಿನ ಮೇಲೆ ಕಣ್ಣಿಡುವವರು ಹುಟ್ಟಿಕೊಂಡರು. ಗಾಳದ ಆಟದಿಂದ ನದಿಗೆ ಲಾಭವೇ ಆಗಲಿಲ್ಲ ಅಂತ ಹೇಳೋದು ಅನ್ಯಾಯ ಆಗುತ್ತೆ.

3. ಲೋನಾವಳದ ಮರಿಗಳು

ಈಗ ಬಿತ್ತನೆಗೆ ಬರೋಣ. ಪುಣೆ-ಮುಂಬೈ ನಡುವಿನ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಜಲಾಶಯಗಳಿವೆ. 1970ರ ಆಸುಪಾಸಿನಲ್ಲಿ ಸಿ. ವಿ. ಕುಲಕರ್ಣಿ ಮತ್ತು ಅವರ ಜೊತೆ ಎಸ್. ಎನ್. ಓಗಲೆ ಮುಂತಾದವರು ಅಲ್ಲಿ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವಲ್ಲಿ ಗೆದ್ದರು. ಸುಲಭದ ಕೆಲಸ ಅಲ್ಲ. ಕಟ್ಲ, ರೋಹು ಥರ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಲ್ಲ ಇದು. ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ, ಒಂದೇ ಸಲಕ್ಕೆ ಇಡುವುದೂ ಇಲ್ಲ. ಹದಕ್ಕೆ ಬಂದ ಹೆಣ್ಣು ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೊಟ್ಟೆ ತೆಗೆದು, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಕಾಯಬೇಕು. ಭಾರತದ ಮೀನು ವಿಜ್ಞಾನದಲ್ಲಿ ಇದು ದೊಡ್ಡ ಸಾಧನೆ. ಅಲ್ಲಿಂದ ಹಲವು ರಾಜ್ಯಗಳಿಗೆ ಮರಿಗಳು ಹೋದವು. ಕರ್ನಾಟಕಕ್ಕೂ ಬಂದವು, ಕಾವೇರಿಗೂ ಇಳಿದವು. ಮುಂದೆ ಕೊಡಗಿನ ಹಾರಂಗಿಯಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯದ್ದೇ ಮಹಶೀರ್ ಮರಿಕೇಂದ್ರ ಆಯ್ತು.

ಲೋನಾವಳದಲ್ಲಿ ಮರಿ ಮಾಡಿಸಿದ ಮೀನಿನ ಶಾಸ್ತ್ರೀಯ ಹೆಸರು ಟಾರ್ ಖುದ್ರಿ. ನೀಲಿ ಛಾಯೆಯ ಈಜುರೆಕ್ಕೆ ಇರುವುದರಿಂದ ಗಾಳದವರು ಅದನ್ನು 'ನೀಲಿರೆಕ್ಕೆ' ಅಂತ ಗುರುತಿಸ್ತಾರೆ. ಕರ್ನಲ್ ಸೈಕ್ಸ್ 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿ ಈ ಹೆಸರು ಕೊಟ್ಟದ್ದು. ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ. ನಾನು ಶುರುವಿನಲ್ಲಿ ಹೇಳಿದ ನಂಟು ಇದೇ. ನಮ್ಮ ಕೃಷ್ಣಾ ಕೊಳ್ಳದ ಮೀನು ಕಾವೇರಿಗೆ ಹೋಯ್ತು.

ಆಗ ಇದು ತಪ್ಪು ಅಂತ ಯಾರಿಗೂ ಅನ್ನಿಸದೇ ಇದ್ದದ್ದು ಯಾಕೆ? ಎರಡು ಕಾರಣ ಕೊಡಬಹುದು. ಒಂದು, 'ಮಹಶೀರ್' ಎಂಬ ಒಂದೇ ಹೆಸರು. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಮರಿ ಸಿಗುತ್ತೆ, ಮಹಶೀರ್ ಬಿಡೋಣ. ತರ್ಕ ನೇರವಾಗಿದೆ. ನೀಲಗಿರಿಗೆ ಟ್ರೌಟ್ ತಂದಾಗ ಅದು ಹೊರಗಿನದು ಅಂತ ಕಾಣುತ್ತಿತ್ತು. ಇಲ್ಲಿ ಬಿಟ್ಟದ್ದಕ್ಕೂ ಇದ್ದದ್ದಕ್ಕೂ ಹೆಸರು ಒಂದೇ ಆದ್ದರಿಂದ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಎರಡನೆಯದು, ಖುದ್ರಿಯೂ ಆ ಕಾಲಕ್ಕೆ ಅಪಾಯದಲ್ಲಿರುವ ಮೀನು ಅಂತಲೇ ತಿಳಿದಿದ್ದರು. ಅಪಾಯದಲ್ಲಿರೋದನ್ನ ಇನ್ನೊಂದು ನದಿಗೂ ಹರಡಿದರೆ ಪುಣ್ಯದ ಕೆಲಸ ತಾನೇ? ಆದ್ದರಿಂದ ಈ ಬಿತ್ತನೆಯನ್ನು ಗಾಳದ ಸಂಘಗಳೂ, ಇಲಾಖೆಯೂ, ಕಂಪನಿಯೂ ಸಂರಕ್ಷಣೆ ಅಂತಲೇ ಕಂಡವು.

4. ಗಾಲಿಬೋರೆಯ ಪುಸ್ತಕ

ಈ ಪ್ರಬಂಧದ ಮುಖ್ಯ ಆಕರದ ಬಗ್ಗೆ ಈಗ ಹೇಳ್ತೀನಿ. ಗಾಲಿಬೋರೆ ಶಿಬಿರದಲ್ಲಿ ಗಾಳದವರು ಪ್ರತಿದಿನದ ಲೆಕ್ಕ ಬರೆದಿಡುತ್ತಿದ್ದರು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕ ಎಷ್ಟು. ಇದನ್ನ ಬರೆದವರು ವಿಜ್ಞಾನಿಗಳಲ್ಲ. ಊರಿಗೆ ಹೋಗಿ ಹೇಳಿಕೊಳ್ಳಲು ಒಂದು ದಾಖಲೆ ಇರಲಿ ಅಂತ ಬರೆದವರೂ ಇರಬಹುದು. 1998ರಿಂದ 2012ರವರೆಗಿನ ಈ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ಸಂಶೋಧಕರು ಕೂತು ವಿಶ್ಲೇಷಿಸಿದರು. 2015ರಲ್ಲಿ ಅವರ ಲೇಖನಗಳು ಬಂದವು. ಒಟ್ಟು 23,620 ಗಂಟೆಗಳ ಗಾಳ, 6,161 ಮಹಶೀರ್. ಸರಾಸರಿ ಹಾಕಿದರೆ ಸುಮಾರು 4 ಗಂಟೆಗೆ ಒಂದು ಮೀನು. ತೂಕ 1 ಪೌಂಡಿನಿಂದ 104 ಪೌಂಡಿನವರೆಗೆ.

ಮೊದಲು ನೋಡಿದಾಗ ಲೆಕ್ಕ ಖುಷಿ ಕೊಡುತ್ತೆ. ವರ್ಷ ಕಳೆದ ಹಾಗೆ ಸಿಗುವ ಮೀನಿನ ಸಂಖ್ಯೆ ಹೆಚ್ಚಾಗಿದೆ, ಸರಾಸರಿ ತೂಕ ಇಳಿದಿದೆ. ಅಂದರೆ ಮರಿಗಳು ಚೆನ್ನಾಗಿ ಬರ್ತಿವೆ, ಕಾವಲು ಫಲ ಕೊಟ್ಟಿದೆ, ಸಿಡಿಮದ್ದಿನ ಕಾಟ ಇಲ್ಲದ ಕಡೆ ಮೀನು ಚೇತರಿಸಿಕೊಂಡಿದೆ. ಇದು ಸುಳ್ಳಲ್ಲ. ಕಾವಲಿನಿಂದ ನಿಜವಾಗಿಯೂ ಉಪಯೋಗ ಆಗಿತ್ತು.

ಆದರೆ ಅದೇ ಸಂಶೋಧಕರು ಹಳೆಯ ಫೋಟೋಗಳನ್ನೂ ಅಚ್ಚಾಗದ ಟಿಪ್ಪಣಿಗಳನ್ನೂ ಪಕ್ಕಕ್ಕಿಟ್ಟುಕೊಂಡು, ಗೂನು ಬೆನ್ನಿನದು ಎಷ್ಟು, ನೀಲಿರೆಕ್ಕೆ ಎಷ್ಟು ಅಂತ ಬೇರ್ಪಡಿಸಿ ನೋಡಿದಾಗ ಇನ್ನೊಂದು ಕಥೆ ಹೊರಬಂತು. 1993ಕ್ಕಿಂತ ಮುಂಚೆ ನದಿಯ ಉದ್ದಕ್ಕೂ ಗಾಳಕ್ಕೆ ಸಿಗುತ್ತಿದ್ದುದು ಗೂನು ಬೆನ್ನಿನ ಮೀನು. ಆಮೇಲೆ ಬರಬರುತ್ತಾ ನೀಲಿರೆಕ್ಕೆಯದ್ದೇ ರಾಜ್ಯಭಾರ. ಗೂನು ಬೆನ್ನಿನ ಮೀನು ಸಿಕ್ಕರೂ ಅಪರೂಪ, ಸಿಕ್ಕದ್ದು ದೊಡ್ಡದು. ದೊಡ್ಡದು ಸಿಕ್ಕಿದೆ ಅಂತ ಗಾಳದವರು ಹಿಗ್ಗಬಹುದು. ಆದರೆ ಜನಸಂಖ್ಯೆಯ ಭಾಷೆಯಲ್ಲಿ ಅದರ ಅರ್ಥ ಬೇರೆ. ಊರಲ್ಲಿ ಮುದುಕರು ಮಾತ್ರ ಕಾಣ್ತಿದ್ದಾರೆ, ಮಕ್ಕಳೇ ಇಲ್ಲ ಅಂದ್ರೆ ಆ ಊರಿನ ಮುಂದಿನ ಗತಿ ಏನು? ಹಾಗೆ.

ಒಂದೇ ಪುಸ್ತಕ, ಎರಡು ಚರಿತ್ರೆ. 'ಮಹಶೀರ್' ಅಂತ ಒಂದೇ ಕಲಂ ಮಾಡಿ ಕೂಡಿದರೆ ಗೆಲುವು. ಎರಡು ಕಲಂ ಮಾಡಿದರೆ ನಷ್ಟ. ನಮ್ಮ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾ? ಗಣತಿಯ ಕೋಷ್ಟಕ, ಕಂದಾಯದ ಕಡತ, ಯಾವುದೇ ಆಗಲಿ, ಅಂಕಿ ಓದುವ ಮುಂಚೆ ಕಲಂನ ತಲೆಬರಹ ಓದಬೇಕು. ಯಾವುದನ್ನ ಯಾವುದರ ಜೊತೆ ಸೇರಿಸಿ ಎಣಿಸಿದ್ದಾರೆ ಅಂತ ಕೇಳಬೇಕು.

ನೀಲಿರೆಕ್ಕೆ ಹೇಗೆ ಗೆದ್ದಿತು ಅನ್ನೋದಕ್ಕೆ ಒಂದೇ ಕಾರಣ ಕೊಟ್ಟು ಮುಗಿಸೋದು ಸರಿಯಲ್ಲ. ಕಟ್ಟೆಗಳು, ನೀರಿನ ಏರಿಳಿತ, ಮರಳು ತೆಗೆಯೋದು, ಸಿಡಿಮದ್ದು ಎಲ್ಲವೂ ಗೂನು ಬೆನ್ನಿನ ಮೀನನ್ನು ಮೊದಲೇ ಕುಗ್ಗಿಸಿದ್ದವು. ಹಾಗೆ ಬಲ ಕುಂದಿದ್ದ ಮೀನಿನ ಮನೆಗೆ, ಅದೇ ಆಹಾರ, ಅದೇ ಮಡು ಬೇಕಾದ ಹತ್ತಿರದ ನೆಂಟನನ್ನು ಮತ್ತೆ ಮತ್ತೆ ತಂದು ತುಂಬಿದ ಹಾಗಾಯ್ತು. ಕಾಲದ ಕ್ರಮ ಮಾತ್ರ ಸ್ಪಷ್ಟ: ಬಿತ್ತನೆ, ನೀಲಿರೆಕ್ಕೆಯ ಏರಿಕೆ, ಗೂನು ಬೆನ್ನಿನ ಇಳಿಕೆ ಒಂದರ ಹಿಂದೆ ಒಂದು ಬಂದಿವೆ.

5. ಹೆಸರಿಲ್ಲದ ಮೀನು

ಇದರಲ್ಲಿ ಇನ್ನೂ ವಿಚಿತ್ರದ ಸಂಗತಿ ಇದೆ. ಜಗತ್ತಿನಾದ್ಯಂತ ಗಾಳದವರ ಗೋಡೆಗಳ ಮೇಲೆ ಚಿತ್ರವಾಗಿ ತೂಗುತ್ತಿದ್ದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಬಹಳ ಕಾಲ ಅದನ್ನು 'ಮುಸುಲ್ಲಾ' ಎಂಬ ಹೆಸರಿನಿಂದ ಕರೀತಿದ್ದರು. ಆದರೆ ಸೈಕ್ಸ್ ಆ ಹೆಸರು ಕೊಟ್ಟದ್ದು ಕೃಷ್ಣಾ ಕೊಳ್ಳದ ಬೇರೊಂದು ಮೀನಿಗೆ, ಅದು ಮಹಶೀರ್ ಕುಲಕ್ಕೇ ಸೇರಿದ್ದಲ್ಲ ಅಂತ ಆಮೇಲೆ ತಿಳಿಯಿತು. ಹೆಸರಿಲ್ಲದ್ದಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲ. ಪಟ್ಟಿಯಲ್ಲಿ ಜಾಗ ಇಲ್ಲದ್ದಕ್ಕೆ ರಕ್ಷಣೆ ಇಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನ ಪಾಡೇ.

2018ರಲ್ಲಿ ಪಿಂಡರ್ ಮತ್ತು ಭಾರತೀಯ ಸಂಶೋಧಕರ ತಂಡ ಈ ಗಂಟು ಬಿಡಿಸಿತು. ನೀಲಗಿರಿಯ ಬುಡದಲ್ಲಿ ಹರಿದು ಭವಾನಿಯ ಮೂಲಕ ಕಾವೇರಿಗೆ ಸೇರುವ ಮೋಯಾರ್ ನದಿಯಲ್ಲಿ ಗೂನು ಬೆನ್ನಿನ ಮೀನು ಇನ್ನೂ ಉಳಿದಿತ್ತು. ಅದರ ದೇಹರಚನೆ ಮತ್ತು ಡಿಎನ್‌ಎ ಪರೀಕ್ಷಿಸಿದಾಗ, ಕೇರಳದ ಚಿನ್ನಾರ್ ಅಭಯಾರಣ್ಯದ ಪಾಂಬಾರ್ ಹೊಳೆಯಿಂದ ಅದಕ್ಕೂ ಕೆಲವು ವರ್ಷ ಮುಂಚೆ ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಇದು ಅಂತ ಗೊತ್ತಾಯ್ತು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುವ ಹೊಳೆ. ಮೀನಿನ ಹೆಸರು ಬಂದಿರುವುದು ಪ್ರಾಣಿವಿಜ್ಞಾನಿ ಕೆ. ರೆಮಾದೇವಿ ಅವರಿಂದ. ಹೆಸರು ಖಚಿತವಾದ ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು 'ತೀವ್ರ ಅಳಿವಿನಂಚಿನಲ್ಲಿರುವ' ಜೀವಿಗಳ ಪಟ್ಟಿಗೆ ಸೇರಿಸಿತು. ನಾಮಕರಣವೂ ಸಾವಿನ ಎಚ್ಚರಿಕೆಯೂ ಒಟ್ಟಿಗೇ ಬಂದವು.

6. ಗಾಳ ನಿಂತ ಮೇಲೆ

2012ರ ಹೊತ್ತಿಗೆ ಕಾವೇರಿ ವನ್ಯಧಾಮದ ಒಳಗೆ ಗಾಳದ ಆಟ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಮೋಜಿಗಾಗಿ ಜೀವಿಗಳನ್ನು ಹಿಡಿಯಕೂಡದು, ಬಿಡುತ್ತೇವೆ ಅಂದರೂ ಆಗದು ಎಂಬ ನಿಲುವು ಗಟ್ಟಿಯಾಯಿತು. ತತ್ವದ ದೃಷ್ಟಿಯಿಂದ ಇದನ್ನು ಒಪ್ಪುವವರು ಬಹಳ ಜನ ಇದ್ದಾರೆ, ಮೀನಿಗೂ ನೋವಿದೆ ಅನ್ನೋದು ಅವರ ಮಾತು. ಆದರೆ ಚರಿತ್ರೆಯ ಕಡೆಯಿಂದ ನೋಡಿದರೆ ಗಾಳದ ಜೊತೆ ಪುಸ್ತಕವೂ ನಿಂತಿತು. 2012ರ ನಂತರದ ಗಾಲಿಬೋರೆಗೆ 1998ರ ಗಾಲಿಬೋರೆಯ ಥರ ದಿನದಿನದ ಲೆಕ್ಕ ಇಲ್ಲ. ಹರಿಗೋಲಿನವರ, ಮಡು ತೋರಿಸುವವರ ಆ ಕೆಲಸವೂ ಹೋಯ್ತು. ನದಿಯ ಬಗ್ಗೆ ಅವರಿಗಿದ್ದ ತಿಳಿವಳಿಕೆ ಬರಹಕ್ಕೆ ಬಂದದ್ದು ತೀರಾ ಕಡಿಮೆ.

ನನ್ನ ತೀರ್ಮಾನ ಇಷ್ಟು. ಗಾಳದವರೇ ಮೀನನ್ನು ಕೊಂದರು ಅನ್ನೋದು ಅರ್ಧ ಸತ್ಯ, ಗಾಳದವರೇ ಉಳಿಸಿದರು ಅನ್ನೋದೂ ಅರ್ಧ ಸತ್ಯ. ಕಾವಲು ಕಾದದ್ದು, ಲೆಕ್ಕ ಬರೆದದ್ದು ನದಿಗೆ ಕೊಟ್ಟ ಕಾಣಿಕೆ. ತಳಿ ಕೇಳದೆ ಬಿತ್ತಿದ್ದು ನದಿಗೆ ಆದ ಪೆಟ್ಟು. ಎರಡನ್ನೂ ಮಾಡಿದ್ದು ಹೆಚ್ಚುಕಡಿಮೆ ಒಂದೇ ವಲಯದ ಜನ, ಒಂದೇ ಒಳ್ಳೆಯ ಉದ್ದೇಶದಿಂದ. 'ಸಂರಕ್ಷಣೆ' ಅಂತ ಹಣೆಪಟ್ಟಿ ಇದ್ದ ಕೂಡಲೇ ಪ್ರಶ್ನೆ ಕೇಳೋದನ್ನ ನಿಲ್ಲಿಸಬಾರದು.

ಚರ್ಚೆ

ಭಾಷಣದ ನಂತರ ಬಂದ ಮೂರು ಪ್ರಶ್ನೆಗಳನ್ನೂ ಉತ್ತರಗಳನ್ನೂ ಚಿಕ್ಕದಾಗಿ ಕೊಟ್ಟಿದೆ.

ಪ್ರಶ್ನೆ (ಕಲ್ಯಾಣದುರ್ಗ ಕಡೆಯ ಸಹಪಾಠಿ): ನಮ್ಮ ಕಡೆ ಭೈರವಾನಿತಿಪ್ಪ ಜಲಾಶಯಕ್ಕೆ, ಕೆರೆಗಳಿಗೆ ಮರಿ ಬಿಡೋದು ಹೊಟ್ಟೆಪಾಡಿಗೆ. ನೀವು ಹೇಳಿದ ಟೀಕೆ ಅದಕ್ಕೂ ಅನ್ವಯಿಸುತ್ತಾ?

ಉತ್ತರ: ಒಳ್ಳೆ ಪ್ರಶ್ನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಕೆರೆಗೆ ಬಿಡುವ ಕಟ್ಲ, ರೋಹು, ಮೃಗಾಲ ಮೂಲತಃ ಉತ್ತರದ ಗಂಗಾ ಕೊಳ್ಳದ ಕಡೆಯ ಮೀನುಗಳು. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಕಟಕ್‌ನಲ್ಲಿ ಚುಚ್ಚುಮದ್ದಿನ ಮೂಲಕ ಗೆಂಡೆ ಮೀನುಗಳಿಗೆ ಮೊಟ್ಟೆಯಿಡಿಸುವ ವಿಧಾನ ಕಂಡುಹಿಡಿದ ಮೇಲೆ ಈ ಮರಿಗಳು ದೇಶದ ಎಲ್ಲ ಕಡೆ ಸಿಗೋ ಹಾಗಾಯ್ತು. ಮಳೆ ಬಂದರೆ ತುಂಬಿ, ಬೇಸಿಗೆಗೆ ಒಣಗುವ ಕೆರೆಯಲ್ಲಿ ಅದು ಬೆಳೆ ಇದ್ದಂಗೆ. ಬಿತ್ತಿದ್ರು, ಕೊಯ್ದ್ರು. ಬೆಸ್ತರ ಸಹಕಾರ ಸಂಘಗಳ ಬದುಕು ಅದರ ಮೇಲೆ ನಿಂತಿದೆ. ಹರಿಯುವ ನದಿಯ ವಿಷಯ ಬೇರೆ, ಅಲ್ಲಿಗೆ ಬಿಟ್ಟದ್ದನ್ನ ವಾಪಸ್ ತೆಗೆಯೋಕೆ ಆಗಲ್ಲ. ಆದರೂ ಕೆರೆ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. 1952ರಲ್ಲಿ ಬಂದ ತಿಲಾಪಿಯಾ ಹಾಗೇ ಎಲ್ಲ ಕಡೆ ಹರಡಿದ್ದು. ಆದ್ದರಿಂದ 'ಯಾವ ತಳಿ' ಅನ್ನೋ ಪ್ರಶ್ನೆ ಕೆರೆಗೂ ಬೇಕು, ಅದರ ತೂಕ ಮಾತ್ರ ಬೇರೆ.

ಪ್ರಶ್ನೆ (ಅಧ್ಯಾಪಕರೊಬ್ಬರಿಂದ): ಗಾಳದವರ ಬರಹವನ್ನೇ ನಂಬಿ ಬರೆದ ಚರಿತ್ರೆಯಲ್ಲಿ ಬೆಸ್ತರ ದನಿ ಎಲ್ಲಿದೆ?

ಉತ್ತರ: ಸರ್, ಇದು ಈ ಅಧ್ಯಯನದ ನಿಜವಾದ ಮಿತಿ. ಥಾಮಸ್ ಕಾಲದಿಂದ ಗಾಲಿಬೋರೆಯವರೆಗೆ ಬರೆದವರು ಗಾಳ ಹಿಡಿದವರು, ಬಲೆ ಹಿಡಿದವರಲ್ಲ. ಬಲೆಯವರು ಬಹುಪಾಲು ದೂರು ಕೊಟ್ಟವರ ಮಾತಿನಲ್ಲೇ ದಾಖಲಾಗಿದ್ದಾರೆ. ಶಿವನಸಮುದ್ರದಿಂದ ಹೊಗೇನಕಲ್‌ವರೆಗಿನ ಹಳ್ಳಿಗಳಲ್ಲಿ, ಎರಡು ಬಗೆಯ ಮಹಶೀರನ್ನು ಕಣ್ಣಾರೆ ಕಂಡ ಹಿರಿಯರನ್ನು ಕೇಳಿ ಬರೆದಿಡೋದು ಈಗಲೇ ಆಗಬೇಕಾದ ಕೆಲಸ. ಮೀನಿನ ಹಾಗೇ ಆ ನೆನಪಿಗೂ ವಯಸ್ಸಾಗ್ತಿದೆ.

ಪ್ರಶ್ನೆ: ಹಾಗಾದರೆ ಈಗ ರೆಮಾದೇವಿ ಮೀನನ್ನೇ ಮರಿ ಮಾಡಿಸಿ ಕಾವೇರಿಗೆ ಬಿಟ್ಟರೆ ಸರಿಹೋಗಲ್ವಾ?

ಉತ್ತರ: ಕೇಳೋಕೆ ಸುಲಭ. ಆದರೆ ಮರಿ ಮಾಡಿಸಲು ತಾಯಿ ಮೀನು ಬೇಕು. ಉಳಿದಿರುವ ಕೆಲವನ್ನೇ ಮೋಯಾರ್‌ನಿಂದ ಹಿಡಿದು ತಂದರೆ ಕೊನೆಯ ನೆಲೆಯನ್ನೂ ಬರಿದು ಮಾಡಿದ ಹಾಗಾಗಬಹುದು. ತಂದರೂ, ಬಿಡೋ ಕಡೆ ನೀಲಿರೆಕ್ಕೆ ತುಂಬಿದೆ, ಕಟ್ಟೆಗಳು ಹಾಗೇ ಇವೆ. ಹಾಗಾಗಿ ಮೊದಲು ಆಗಬೇಕಾದ್ದು ಎರಡು: ಮೋಯಾರ್‌ನಲ್ಲಿ ನೀರು ಮತ್ತು ಕಾವಲು ಉಳಿಸಿಕೊಳ್ಳೋದು, ಕಾವೇರಿ ಕೊಳ್ಳಕ್ಕೆ ಹೊರಗಿನ ಮಹಶೀರ್ ಮರಿ ಬಿಡೋದನ್ನ ನಿಲ್ಲಿಸೋದು. ಬಿತ್ತನೆಯ ಮಾತು ಆಮೇಲೆ. ಅವತ್ತು ಯಾರೇ ಬಿತ್ತಲಿ, ಯಾವ ನದಿಯ, ಯಾವ ಮೀನಿನ ಮರಿ ಅಂತ ಬರೆದಿಟ್ಟು ಬಿತ್ತಲಿ. ಮುಂದಿನವರು ಓದೋಕೆ ಒಂದು ಪುಸ್ತಕವಾದರೂ ಇರುತ್ತೆ.

ಸಮಯ ಮುಗಿದಿದೆ ಅಂತ ನಿರ್ವಾಹಕರು ಹೇಳ್ತಿದ್ದಾರೆ.